ಒಂಟಿ ಕಿವಿಯ ಕುದುರೆ

ಗೋಡೆಯಿಂದ ಬಿದ್ದು ಗಾಜು ಒಡೆದ ಫೋಟೋವನ್ನು ದೊಡ್ಡತ್ತೆ ಟವಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅಪ್ಪನ ಅಂಗಡಿಗೆ ತಂದಳು. ಫೋಟೋಗಳಿಗೆ ಕಟ್ಟು ಹಾಕುವುದು ಅಪ್ಪನ ಕೆಲಸ. ಅವನು ಗಾಜು ಕೊಯ್ಯುತ್ತಾನೆ, ನಾನು ಫೋಟೋದ ಸುತ್ತ ಕೂರಿಸುವ ರಟ್ಟು ಕತ್ತರಿಸುತ್ತೇನೆ. ಶಾಲೆ ಬಿಟ್ಟಾಗಿನಿಂದ ನನಗೆ ಇದೇ ಮೇಜು.

ಚಿಕ್ಕತ್ತೆ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರೂ ಅಪ್ಪನ ತಂಗಿಯರು. ಆ ಫೋಟೋ ಗೋಡೆಯಿಂದ ಇಳಿದಿದೆ ಎಂದು ತಿಳಿದ ಮೇಲೆ ಅವಳು ಮನೆಯಲ್ಲಿ ನಿಲ್ಲುವವಳಲ್ಲ. ಅಜ್ಜಿಯದು ಅಂತ ಉಳಿದಿರುವ ಫೋಟೋ ಅದೊಂದೇ. ಸ್ಟುಡಿಯೋದ ಕುರ್ಚಿಯಲ್ಲಿ ಅಜ್ಜಿ, ಮಡಿಲಲ್ಲಿ ಕತ್ತು ಈಗಷ್ಟೇ ನಿಂತಿರುವ ಕೂಸು. ಆ ಕೂಸು ತಾನೇ ಎಂದು ದೊಡ್ಡತ್ತೆ ಮೊದಲಿನಿಂದ ಹೇಳುತ್ತಿದ್ದಳು, ಮನೆಯವರೆಲ್ಲ ನಂಬಿದ್ದರು. ಚಿಕ್ಕತ್ತೆಗೆ ಮಾತು ಬರುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ಅಮ್ಮನ ಮುಖ ಅವಳಿಗೆ ನೆನಪಿಲ್ಲ, ಅಮ್ಮನ ಜೊತೆ ತನ್ನದೊಂದು ಫೋಟೋ ಕೂಡ ಇಲ್ಲ.

ಅಪ್ಪ ಒಡೆದ ಗಾಜನ್ನೂ ಹಳೆಯ ರಟ್ಟನ್ನೂ ಬಿಡಿಸಿದ.

"ಒಂದ್ಸಲ ಕೈಯಲ್ಲಿ ಹಿಡ್ಕೊಳ್ಳಲಾ?" ಎಂದಳು ಚಿಕ್ಕತ್ತೆ.

"ಹಿಡ್ಕೋ. ಬೆರಳಿನ ಗುರುತು ಮೂಡಿಸ್ಬೇಡ," ಎಂದಳು ದೊಡ್ಡತ್ತೆ.

"ನಿನ್ನ ಮೂಗು ಆಗ್ಲೇ ಸೊಟ್ಟಗಿತ್ತಲ್ಲೇ ಅಕ್ಕ."

"ಸೊಟ್ಟ ಇರೋದು ನೋಡೋರ ಕಣ್ಣು."

"ಹರಿಯೋ ತನಕ ಜಗಳಾಡಿ," ಎಂದ ಅಪ್ಪ. "ಆಮೇಲೆ ಇಬ್ರಿಗೂ ಅರ್ಧರ್ಧ ಕಟ್ಟು ಹಾಕ್ಕೊಡ್ತೀನಿ."

ಚಿಕ್ಕತ್ತೆ ಫೋಟೋದ ಅಂಚಿಗೆ ಬಗ್ಗಿದಳು. ಇಷ್ಟು ದಿನ ರಟ್ಟಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಜಾಗದಲ್ಲಿ ಮರದ ಕುದುರೆಯೊಂದರ ತಲೆ ಕಾಣುತ್ತಿತ್ತು. "ಇದೇನು, ಕುದುರೆಗೆ ಒಂದೇ ಕಿವಿ?"

"ಇನ್ನೊಂದು ಮುರಿದಿತ್ತು," ಎಂದಳು ದೊಡ್ಡತ್ತೆ, ನೋಡದೆಯೇ. "ಆ ಜಾಗ ಚುಚ್ತಿತ್ತು. ನಾನು ಮುಟ್ಟಿ ನೋಡಿದ್ದೆ."

ನನ್ನ ಕತ್ತರಿ ನಿಂತಿತು. ಅಂಗಡಿಯ ಗೋಡೆಯಲ್ಲಿ, ಗೋಂದಿನ ಬಾಟಲಿಗಳ ಮೇಲೆ, ಅಪ್ಪ ಚಿಕ್ಕವನಿದ್ದಾಗಿನ ಫೋಟೋ ಇದೆ. ಸ್ಟುಡಿಯೋದ ಅದೇ ಕುದುರೆ, ಕತ್ತಿನಲ್ಲಿ ಅದೇ ಬಿಳಿ ಪಟ್ಟೆ. ಮೇಲೆ ಕೂತ ಅಪ್ಪ ಬಾಯಿ ತುಂಬ ನಗುತ್ತಿದ್ದಾನೆ, ಮುಂದಿನ ಹಾಲುಹಲ್ಲು ಎರಡೂ ಬಿದ್ದುಹೋಗಿವೆ. ಕುದುರೆಯ ಕಿವಿಗಳು ಮಾತ್ರ ಎರಡೂ ನೆಟ್ಟಗಿವೆ.

ನನ್ನ ಮಾತು ಗಂಟಲ ತನಕ ಬಂದು ವಾಪಸ್ಸು ಹೋಗುವ ಜಾತಿಯದು. ಆ ಫೋಟೋವನ್ನು ಇಳಿಸಿ ತಂದು ಇದರ ಪಕ್ಕದಲ್ಲಿ ಹಿಡಿದೆ.

"ನನ್ನ ಬೋಳು ಬಾಯಿ ಯಾಕೆ ತಂದೆ?" ಎಂದ ಅಪ್ಪ.

"ಕಿವಿ ನೋಡಪ್ಪ. ಮುರಿಯೋ ಮುಂಚೆ ತೆಗೆದಿದ್ದು ಇದು. ಅಜ್ಜಿದು ಆಮೇಲಿಂದು. ನಿಂಗೆ ಹಲ್ಲು ಬೀಳೋ ಹೊತ್ತಿಗೆ ದೊಡ್ಡತ್ತೆ…"

"ಓಡಾಡ್ತಿದ್ಲು," ಎಂದು ಅಪ್ಪ ನಿಧಾನವಾಗಿ ಮುಗಿಸಿದ. "ನನ್ನ ಬಳಪ ಕದ್ದು ತಿಂತಿದ್ಲು."

ಚಿಕ್ಕತ್ತೆ ಫೋಟೋವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಮತ್ತೆ ಎತ್ತಿಕೊಂಡಳು.

"ನಂಗೆ ನೆನಪಿದೆಯಲ್ಲ," ಎಂದಳು ದೊಡ್ಡತ್ತೆ. "ಕುದುರೆ, ಪರದೆ ಬಣ್ಣದ ವಾಸನೆ, ಫೋಟೋದವನು ತಲೆ ಮೇಲೆ ಹಾಕ್ಕೊಳ್ಳೋ ಕರಿ ಬಟ್ಟೆ. ಎಲ್ಲ ನೆನಪಿದೆ."

"ಮಡಿಲಲ್ಲಿರೋ ಕೂಸಿಗೆ ಅಷ್ಟೆಲ್ಲ ನೆನಪಿರುತ್ತೇನೇ?" ಎಂದಳು ಚಿಕ್ಕತ್ತೆ. "ಆ ಕೂಸು ನಾನು. ನೀನು ಅಲ್ಲಿದ್ದೆ ಕಣೆ. ನಿಂತ್ಕೊಂಡಿದ್ದೆ."

ದೊಡ್ಡತ್ತೆಯ ಮುಖ ಇಳಿದುಹೋಯಿತು. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿದಂತಾಗಿ ನಾನು ಕಣ್ಣು ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಮತ್ತೆ ಅಜ್ಜಿಯೇ ಸಿಕ್ಕಳು. ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ. ನೋಟ ಸ್ವಲ್ಪ ಪಕ್ಕಕ್ಕೆ ಹೋಗಿತ್ತು, ಸ್ವಲ್ಪ ಕೆಳಕ್ಕೆ. ತುಟಿಯ ತುದಿಯಲ್ಲಿ, ಇರು ಬಂದೆ ಅನ್ನುವಂಥ ಒಂದು ನಗು.

"ಅತ್ತೆ, ಆವತ್ತು ನೀನು ಎಲ್ಲಿ ನಿಂತಿದ್ದೆ?"

"ಫೋಟೋದವನ ಪಕ್ಕ." ಅವಳು ಯೋಚಿಸಿದಳು. "ಅವನ ಕರಿ ಬಟ್ಟೆ ತುದಿ ಹಿಡ್ಕೊಂಡು. ಅಳ್ತಿದ್ದೆ ಅನ್ಸುತ್ತೆ."

"ಅಜ್ಜಿ ಕಣ್ಣು ನೋಡು."

ದೊಡ್ಡತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಕಟ್ಟು ಹಾಕಿ ಇವಳ ಮನೆಗೆ ಕಳ್ಸಣ್ಣ," ಎಂದಳು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ, "ರಟ್ಟಿನ ಕಿಂಡಿ ಅಗಲ ಬಿಡೇ. ಕುದುರೆ ಮುಚ್ಬೇಡ."

ಚಿಕ್ಕತ್ತೆ ಮೂಗೊರೆಸಿಕೊಂಡಳು. "ನೋಡೋಕೆ ಬಾ ಅಂತ ನಾನು ಕರೀಬೇಕಾ?"

"ಕರೀದಿದ್ರೂ ಬರ್ತೀನಿ. ಅಮ್ಮ ನೋಡ್ತಿರೋ ಕಡೆ ನಾನು ನಿಂತ್ಕೋಬೇಕಲ್ಲ."