ನಾನು ಹೇಳಿದ ಎತ್ತರ

ನಾನು ಒಂದು ಟ್ರಾನ್ಸ್‌ಪಾಂಡರ್. ಹೆಸರು ಕೇಳಿ ಗಾಬರಿಯಾಗಬೇಡಿ, ಊಟದ ಡಬ್ಬಿಯಷ್ಟೇ ಇದ್ದೇನೆ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ವಿಮಾನದೊಳಗೆ ಕೂತು, ನೆಲದ ರಾಡಾರ್ ಕೇಳಿದಾಗಲೆಲ್ಲ ನಾವು ಯಾರು, ಎಷ್ಟು ಎತ್ತರದಲ್ಲಿದ್ದೇವೆ ಎಂದು ಉತ್ತರಿಸುವುದು ನನ್ನ ಕೆಲಸ. ನಿಜ ಹೇಳುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಮೊದಲಿದ್ದದ್ದು ಬೆಳೆಗೆ ಔಷಧಿ ಸಿಂಪಡಿಸುವ ವಿಮಾನದಲ್ಲಿ. ಅಲ್ಲಿ ರಾಡಾರೂ ಇಲ್ಲ, ಮಾತುಕತೆಯೂ ಇಲ್ಲ. ಆಮೇಲೆ ರತ್ನಮಾಲಾ ಅರಸ್ ಮೇಡಂ ತಮ್ಮ ಹಾರಾಟ ಶಾಲೆಯ ವಿಮಾನಕ್ಕೆಂದು ನನ್ನನ್ನು ಕೊಂಡರು. ಶಾಲೆಯ ಪುಟ್ಟ ರನ್‌ವೇ ಇದ್ದದ್ದು ದೊಡ್ಡ ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಮೇಡಂ ನನ್ನ ಮುಖ ಒರೆಸಿ, "ಇವನಿದ್ರೆ ನಂಗೆ ಧೈರ್ಯ" ಅಂದಿದ್ದರು. ನಾನು ಆ ಮಾತಿಗೇ ಉಬ್ಬಿಹೋದೆ.

ಒಂದು ಭಾನುವಾರ ಬೆಟ್ಟದ ತನಕ ಹೋಗಿಬರುವ ಸಣ್ಣ ಹಾರಾಟ. ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡಲು ಮುಂದೆ ಬಂದಿದ್ದ ಬಸವಂತಪ್ಪನವರಿಗಾಗಿ. ಮೇಡಂ ವಿಮಾನದ ರೆಕ್ಕೆಯ ಮೇಲೆ ನಕ್ಷೆ ಹರಡಿ ಗೆರೆ ಎಳೆದರು. ಆ ದಾರಿಯಲ್ಲಿ ಐದು ಸಾವಿರ ಅಡಿಯಿಂದ ಮೇಲೆ ದೊಡ್ಡ ವಿಮಾನಗಳು ಇಳಿಯುವ ಜಾಗ, ಅಪ್ಪಣೆಯಿಲ್ಲದೆ ಹೋಗುವಂತಿಲ್ಲ. "ನಾವು ಕೆಳಗೇ ಇರೋಣ. ಮೋಡ ಅಡ್ಡ ಬಂದ್ರೆ ವಾಪಸ್" ಅಂದರು. ಲೆಕ್ಕಾಚಾರ ಅಚ್ಚುಕಟ್ಟಾಗಿತ್ತು, ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

ಬೆಟ್ಟದ ಹತ್ತಿರ ಮೋಡ ಅಡ್ಡ ಬಂತು.

"ಇಷ್ಟ್ ದೂರ ಬಂದು ಹಂಗೇ ಹೋಗೂದೇನ್ರಿ ಮೇಡಂ? ಒಂದೀಟು ಮ್ಯಾಲ ಹೋಗ್ರಿ, ನೋಡೂಣು" ಎಂದರು ಬಸವಂತಪ್ಪ.

ರೇಡಿಯೋದಲ್ಲಿ ಅಪ್ಪಣೆ ಕೇಳಿದರೆ ನಿಲ್ದಾಣದ ನಿಯಂತ್ರಣ ಕೊಠಡಿಯವರು ಕಾಯಿಸುತ್ತಾರೆ. ಮೇಡಂ ಕೇಳಲಿಲ್ಲ, ನಕ್ಕು ವಿಮಾನ ಏರಿಸಿದರು. ರಾಡಾರ್ ನನ್ನನ್ನು ಕೇಳಿತು. ಐದು ಸಾವಿರದ ಮುನ್ನೂರು ಎಂದೆ. ಇಳಿಯುತ್ತಿದ್ದ ದೊಡ್ಡ ವಿಮಾನವೊಂದನ್ನು ನಿಯಂತ್ರಣ ಕೊಠಡಿಯವರು ತಕ್ಷಣ ಪಕ್ಕಕ್ಕೆ ತಿರುಗಿಸಿದರು. ಜನ ಉಳಿದರು, ನನ್ನಿಂದ ಉಳಿದರು. ಅಷ್ಟರಲ್ಲಿ, ಅಪ್ಪಣೆಯಿಲ್ಲದೆ ಮೇಲೇಕೆ ಬಂದಿರಿ ಎಂದು ಅವರು ರೇಡಿಯೋದಲ್ಲಿ ಮೇಡಂ ಅವರನ್ನು ವಿಚಾರಿಸಿದರು.

ನಿಜ ಹೇಳಿದರೆ ಲೈಸೆನ್ಸ್ ಹೋಗುತ್ತಿತ್ತು, ಶಾಲೆಗೂ ಬೀಗ ಬೀಳುತ್ತಿತ್ತು. ವಿಮಾನವನ್ನು ಕೆಳಗಿಳಿಸುತ್ತಲೇ ಮೇಡಂ ತಣ್ಣಗೆ ಉತ್ತರಿಸಿದರು: "ನಾನು ಐದು ಸಾವಿರದ ಕೆಳಗೇ ಇದ್ದೀನಿ. ನನ್ನ ಟ್ರಾನ್ಸ್‌ಪಾಂಡರ್ ತಪ್ಪು ಎತ್ತರ ಹೇಳ್ತಿದೆ. ಆಫ್ ಮಾಡ್ತಿದ್ದೀನಿ."

ಮುಖ ಒರೆಸಿದ ಅದೇ ಕೈ ನನ್ನ ಬಾಯಿ ಮುಚ್ಚಿತು. ಬೇರೆ ಯಾರೇ ಮಾಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನವೇ ಹೊಸ ಟ್ರಾನ್ಸ್‌ಪಾಂಡರ್ ಬಂತು. ನನ್ನನ್ನು ಯಾರೂ ಪರೀಕ್ಷಿಸಲಿಲ್ಲ, ಅವರ ಮಾತೇ ಸಾಕಾಯಿತು. ಮಾತು ಬಾರದವನ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ ನೋಡಿ.

ಗುಜರಿಗೆ ಹಾಕಿದ್ದರೂ ಮರೆಯುತ್ತಿದ್ದೆ. ಈಗ ನಾನಿರುವುದು ಹೊಸ ಕಟ್ಟಡದ ತರಗತಿಯ ಮೇಜಿನ ಮೇಲೆ. ಹೊಸ ಮಕ್ಕಳು ಬಂದಾಗಲೆಲ್ಲ ಮೇಡಂ ನನ್ನನ್ನು ಎತ್ತಿ ತೋರಿಸುತ್ತಾರೆ.

"ಯಂತ್ರಾನ ಕಣ್ಮುಚ್ಚಿ ನಂಬ್ಬೇಡಿ" ಅನ್ನುತ್ತಾರೆ. "ನಾನು ಇದನ್ನ ನಂಬಿದ್ದೆ. ಕೈಕೊಡ್ತು."

ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಈಚೆಗೆ ಮೇಡಂ ಅದನ್ನು ಹೇಳುವಾಗ ದನಿಯೂ ನಡುಗುವುದಿಲ್ಲ. ಅವರೇ ಅದನ್ನು ನಂಬಿಬಿಟ್ಟಿದ್ದಾರೆ.