ಓರೆಯಾಗಿಟ್ಟ ಮುಚ್ಚಳ

ಬೀದಿಯ ಕೊನೆಗೆ ಹೊಸದಾಗಿ ತೆರೆದ ಚೀನೀ ಡಿಮ್ ಸಮ್ ಹೋಟೆಲಿನ ಊಟಕ್ಕೆಂದೇ ಮಾವ ಬೆಳಗಿನ ತಿಂಡಿ ಬಿಟ್ಟು, ಅತ್ತೆಯನ್ನೂ ಹೊರಡಿಸಿಕೊಂಡು ಬಂದಿದ್ದರು. ಮೊದಲು ಚಹಾ ಬಂತು. ಆರಲಿ ಎಂದು ಮಾವ ಕೆಟಲಿನ ಮುಚ್ಚಳವನ್ನು ಓರೆಯಾಗಿಟ್ಟರು. ಕುಡಿದು ಮುಗಿಸುವಷ್ಟರಲ್ಲಿ ಸಪ್ಲೈಯರ್ ಬಂದು ಮತ್ತೆ ತುಂಬಿಸಿದ. ಬಡಿಸಿದ್ದನ್ನು ಬಿಟ್ಟೇಳುವುದು ಮಾವನ ಜಾಯಮಾನದಲ್ಲೇ ಇಲ್ಲ. ಅವರು ಕುಡಿದಷ್ಟೂ ಅವನು ತುಂಬಿಸಿದ.

"ಏನೇ, ಇವನು ನನ್ನ ಹೊಟ್ಟೇನ ಹಂಡೆ ಅಂದ್ಕೊಂಡಿದಾನಾ?"

"ಪಾಪ, ಮರ್ಯಾದೆ ಮಾಡ್ತಿದಾನೆ. ಕುಡೀರಿ," ಎಂದರು ಅತ್ತೆ.

ಕಡುಬಿನಂಥ ಡಿಮ್ ಸಮ್ ತುಂಬಿದ, ಹಬೆಯಾಡುವ ಬಿದಿರಿನ ಬುಟ್ಟಿಗಳು ಬಂದಾಗ ಮಾವನ ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗವಿರಲಿಲ್ಲ. ಅತ್ತೆ ನಿಧಾನವಾಗಿ ಎಲ್ಲವನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, ಕೆಟಲಿನ ಮುಚ್ಚಳವನ್ನು ಸರಿಯಾಗಿ ಮುಚ್ಚಿದರು.

"ಇಲ್ಲಿ ಮುಚ್ಚಳ ತೆರೆದಿಟ್ರೆ ಇನ್ನೂ ಚಹಾ ಬೇಕು ಅಂತ ಅರ್ಥವಂತೆ. ಬಾಗಿಲ ಹತ್ರ ಬರೆದು ಹಾಕಿದಾರೆ."

"ಯಾವಾಗ ನೋಡ್ದೆ?"

"ಒಳಗೆ ಬರೋವಾಗ್ಲೇ."