ಇಬ್ಬರೂ ಒಪ್ಪಿದರೂ ಸಲ್ಲದ ಮಾತು

ದರ್ಭೆಯ ಉಂಗುರ ಹೆಣೆದು ಮುಗಿಸಿದ ಪುರೋಹಿತರು ತಲೆಯೆತ್ತಿ, "ಅಮ್ಮಾ, ಇದನ್ನ ಯಾರ ಬೆರಳಿಗೆ ಹಾಕ್ಲಿ? ಬೆಂಕಿ ಕೊಡೋರು ಯಾರು?" ಎಂದರು.

ವಿಮಲಾ ಗೇಟಿನ ಕಡೆ ನೋಡಿದಳು. ತ್ಯಾಗರಾಜನಗರದ ಆ ಪುಟ್ಟ ಮನೆಯ ಹಜಾರದಲ್ಲಿ ಅವಳ ಗಂಡ ವೆಂಕಟಾಚಲ ಮೇಷ್ಟ್ರು ಚಾಪೆಯ ಮೇಲೆ ಮಲಗಿದ್ದರು. ಮಕ್ಕಳಿಲ್ಲ. ಬರಬೇಕಾದವನು ಮೇಷ್ಟ್ರ ತಮ್ಮ ಸೀನು. ಬೆಳಿಗ್ಗೆಯೇ ಪುಟ್ಟೇನಹಳ್ಳಿಗೆ ಫೋನ್ ಹೋಗಿತ್ತು. ಸೀನುವಿನ ಹೆಂಡತಿ ಹಂಸಾ "ಹೇಳ್ತೀನಿ ಅಕ್ಕ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು.

"ದೊಡ್ಡಮ್ಮ, ಬನಶಂಕರಿ ಚಿತಾಗಾರದಲ್ಲಿ ಟೈಮ್ ಕೊಟ್ಟಿದಾರೆ," ಅಂದ ತಂಗಿಯ ಮಗ ಮಯೂರ್. "ಅವರು ಬರಲ್ಲ ಬಿಡಿ. ನಾನೇ ಮಾಡ್ತೀನಿ."

"ಸ್ವಲ್ಪ ತಡಿ ಕಣೋ."

"ಇಬ್ರೂ ಆವತ್ತೇ ಮಾತು ಮುಗಿಸ್ಕೊಂಡಿದಾರಲ್ಲ ದೊಡ್ಡಮ್ಮ."

ಮುಗಿಸಿಕೊಂಡಿದ್ದು ನಿಜ. ತಾಯಿಯ ತಿಥಿ ಯಾರ ಮನೆಯಲ್ಲಿ ಎಂದು ಶುರುವಾದ ಮಾತು ಬೆಳೆದು, ಸೀನು "ನಿನ್ನ ಹೆಣಕ್ಕೂ ನಾನು ಬರಲ್ಲ, ನನ್ನ ಹೆಣಕ್ಕೂ ನೀನು ಬರ್ಬೇಡ" ಅಂದುಬಿಟ್ಟಿದ್ದ. ಮೇಷ್ಟ್ರು ಎಲೆಯ ಮುಂದೆ ಕೂತವರು ಕೂತ ಹಾಗೇ "ಒಪ್ಪಿದೆ" ಎಂದಿದ್ದರು. ಸಿಟ್ಟು ನೆತ್ತಿಗೇರಿದರೆ ಮೇಷ್ಟ್ರ ಬುದ್ಧಿಯೂ ಕೈಕೊಡುತ್ತದೆ.

*

ಲಾ ಕಾಲೇಜಿನಲ್ಲಿ ಅವರು ಹೇಳುತ್ತಿದ್ದ ಪಾಠ ಅಂತರರಾಷ್ಟ್ರೀಯ ಕಾನೂನು. ನಿವೃತ್ತರಾದ ಮೇಲೂ ಒಬ್ಬಿಬ್ಬರು ವಿದ್ಯಾರ್ಥಿಗಳು ಮನೆಗೆ ಬರುತ್ತಿದ್ದರು. ಸೀನು ಜೊತೆ ಜಗಳವಾದ ಮೇಲೆ ಒಂದು ದಿನ ಮೇಷ್ಟ್ರು ಅವರಿಗೆ ಹೇಳುತ್ತಿದ್ದರು:

"ಎಂಥಾ ದೊಡ್ಡ ದೇಶ ಆಗ್ಲಿ, ಮೀರಬಾರದ ಕೆಲವು ಕಟ್ಟಳೆಗಳಿವೆ. ಮನುಷ್ಯರನ್ನ ಗುಲಾಮರಾಗಿ ಮಾಡೋ ಹಾಗಿಲ್ಲ, ಚಿತ್ರಹಿಂಸೆ ಕೊಡೋ ಹಾಗಿಲ್ಲ, ಒಂದು ಜನಾಂಗಾನೇ ಅಳಿಸೋ ಹಾಗಿಲ್ಲ. ಎರಡು ದೇಶ ಸೇರಿ, ಮಾಡೋಣ ಅಂತ ರುಜು ಹಾಕಿದ್ರೂ ಆ ಒಪ್ಪಂದ ಸಲ್ಲೋದಿಲ್ಲ."

"ದಿನಾ ಮೀರ್ತಾನೇ ಇದಾರಲ್ಲ ಸಾರ್," ಎಂದಳು ಸಮನ್ವಿತಾ ಎಂಬ ಹುಡುಗಿ.

"ಮೀರಿದೋರು ಏನಂತಾರೆ ನೋಡಮ್ಮ. 'ಹೌದು, ಮಾಡಿದ್ವಿ, ಏನಿವಾಗ' ಅಂತಾರಾ? 'ನಾವು ಮಾಡೇ ಇಲ್ಲ' ಅಂತಾರೆ. ಆ ಸುಳ್ಳೇ ಸಾಕ್ಷಿ, ಕಟ್ಟಳೆ ಇನ್ನೂ ಬದುಕಿದೆ ಅಂತ."

ಹುಡುಗರು ಹೋದ ಮೇಲೆ ಕಾಫಿ ಲೋಟ ಎತ್ತುತ್ತಾ ವಿಮಲಾ ಕೇಳಿದ್ದಳು, "ನೀವು ಸೀನು ಜೊತೆ ಮಾಡ್ಕೊಂಡ ಒಪ್ಪಂದ ಸಲ್ಲುತ್ತಾ?"

"ಅದು ಬೇರೆ ವಿಷಯ," ಎಂದು ಮೇಷ್ಟ್ರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಆದರೆ ಮುಂದಿನ ಭಾನುವಾರದಿಂದ ಅವರಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. ಕಾಗೆಗೂ ಕೋಗಿಲೆಗೂ ವ್ಯತ್ಯಾಸ ತಿಳಿಯದ ಮನುಷ್ಯ ಪುಟ್ಟೇನಹಳ್ಳಿ ಕೆರೆಗೆ ಹಕ್ಕಿ ನೋಡಲು ಹೊರಟರು. ಸೀನುವಿನ ಮನೆ ಅದೇ ಕೆರೆಯ ಪಕ್ಕದ ರಸ್ತೆಯಲ್ಲಿ.

"ಹಕ್ಕಿ ಕಾಣಿಸ್ತಾ?" ಎಂದು ಒಮ್ಮೆ ಕೇಳಿದರೆ, ಯಾವುದೋ ಯೋಚನೆಯಲ್ಲಿದ್ದ ಮೇಷ್ಟ್ರು, "ಇಲ್ಲ, ಬಾಗಿಲು ಹಾಕಿತ್ತು" ಎಂದುಬಿಟ್ಟರು. ವಿಮಲಾ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

*

"ಇನ್ನು ಕಾಯೋಕಾಗಲ್ಲಮ್ಮ," ಎಂದರು ಪುರೋಹಿತರು.

ಲೋಕದ ಜಗಳಗಳ ಪಾಠ ಹೇಳಿದವರಿಗೆ ಬೆಂಕಿ ಕೊಡಲು ಒಡಹುಟ್ಟಿದವನೇ ಬರಲಿಲ್ಲವಲ್ಲ ಎಂದು ವಿಮಲಾಗೆ ಸಂಕಟವಾಯಿತು. ಇನ್ನು ಈ ಮನೆಯಲ್ಲಿ ತಾನೊಬ್ಬಳೇ ಎಂಬುದೂ ಆಗಲೇ ಹೊಳೆಯಿತು.

"ಸರಿ ಮಯೂರ್, ನೀನೇ ಮಾಡಪ್ಪ."

"ಹಾಗಾದ್ರೆ ತಲೆ ಮೇಲೆ ನೀರು ಸುರ್ಕೊಂಡು ಒದ್ದೆ ಪಂಚೇಲೇ ಬರಬೇಕು. ಕಾಲಿಗೇನೂ ಹಾಕೋ ಹಾಗಿಲ್ಲ," ಎಂದರು ಪುರೋಹಿತರು.

ಮಯೂರ್ ಬಚ್ಚಲಿಗೆ ಹೋದ. ವಿಮಲಾ ಮನಸ್ಸು ತಡೆಯದೆ ಇನ್ನೊಮ್ಮೆ ಗೇಟಿನ ತನಕ ಬಂದಳು. ಎದುರುಗಡೆ ಔಷಧಿ ಅಂಗಡಿಯ ಮುಂದೆ, ಹೊಂಗೆಮರದ ಮರೆಯಲ್ಲಿ ಯಾರೋ ಬೆನ್ನು ತಿರುಗಿಸಿ ನಿಂತಿದ್ದರು. ಬಾಗಿದ ಆ ಹೆಗಲು ಥೇಟ್ ಮೇಷ್ಟ್ರದೇ. ಅವಳು ರಸ್ತೆ ದಾಟಿದಳು.

"ಸೀನು."

ಅವನು ಬೆಚ್ಚಿ ತಿರುಗಿದ. "ಅತ್ತಿಗೆ, ನಾನು ಇಲ್ಲಿಗೆ ಅಂತ ಬಂದಿದ್ದಲ್ಲ. ಬಿಪಿ ಮಾತ್ರೆ ತಗೊಳ್ಳೋಕೆ ಬಂದೆ."

ಅಂಗಡಿಯ ಷಟರ್ ಎಳೆದಿತ್ತು. ಸೀನುವಿನ ತಲೆ ಒದ್ದೆ. ಪುಟ್ಟೇನಹಳ್ಳಿಯಿಂದ ಆಟೋದಲ್ಲಿ ಬಂದರೂ ಉಟ್ಟ ಪಂಚೆ ಇನ್ನೂ ಆರಿರಲಿಲ್ಲ. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಮಾತ್ರೆ ಆಮೇಲೆ ತಗೊಳ್ಳುವಿಯಂತೆ, ಬಾ," ಎಂದಳು ವಿಮಲಾ.

ಅವನು ತಲೆ ತಗ್ಗಿಸಿ ಹಿಂದೆಯೇ ಬಂದ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ದಾಟಿದ. ಪುರೋಹಿತರು ಆ ಒದ್ದೆ ತಲೆಯನ್ನೊಮ್ಮೆ ನೋಡಿದರು. ಯಾರು ಏನು ಎಂದು ಕೇಳದೆ, ಅವನ ಬೆರಳು ಹಿಡಿದು ದರ್ಭೆಯ ಉಂಗುರ ತೊಡಿಸಿದರು.